ಕಂತಿನ ಮೋಟಾರು ಸೈಕಲ್ಲು ಮತ್ತು ನಮ್ಮ ಹುಡುಗರು

ಆಯುಧಪೂಜೆಯ ದಿನ ನಮ್ಮ ಪೇಟೆಯ ಬೈಕು ಅಂಗಡಿಗಳ ಮುಂದೆ ಹತ್ತು ನಿಮಿಷ ನಿಂತವರಿಗೆ ನಮ್ಮ ಸದಸ್ಯರಲ್ಲಿ ಒಬ್ಬಿಬ್ಬರಾದರೂ ಕಾಣಸಿಗುತ್ತಾರೆ. ಚೆಂಡು ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಹ್ಯಾಂಡಲ್ ಹಿಡಿದು ನಿಂತ ಮಗ, ಪಕ್ಕದಲ್ಲಿ ಜೇಬಿನ ಕಾಗದಪತ್ರ ಮುಟ್ಟಿ ನೋಡಿಕೊಳ್ಳುವ ತಂದೆ. ಗಾಡಿ ಹೆಚ್ಚಿನಪಾಲು ಸಾಲದ್ದು. ಇದರಲ್ಲಿ ತಪ್ಪೇನೂ ಇಲ್ಲ. ಬೆಳಗಿನ ಒಂದು ಬಸ್ಸು ತಪ್ಪಿದರೆ ಮಧ್ಯಾಹ್ನದವರೆಗೆ ಗತಿಯಿಲ್ಲದ ಊರುಗಳಲ್ಲಿ ಬೈಕು ಈಗ ಕತ್ತಿ, ದೋಟಿಗಳಂತೆ ತೋಟದ ಸಾಮಾನೇ ಆಗಿದೆ. ಪಂಪಿನ ವಾಷರ್ ತರಲು, ಮೈಲುತುತ್ತ ತರಲು, ಕೊನೆಗಾರನನ್ನು ಕರೆತರಲು ಅದು ಬೇಕು. ಆದುದರಿಂದ ಬೈಕು ಕೊಳ್ಳಬೇಡಿ ಎಂದು ಬರೆಯಲು ನಾವು ಕುಳಿತಿಲ್ಲ. ಆ ತಂದೆಯ ಜೇಬಿನಲ್ಲಿ ಮಡಚಿಟ್ಟ ಕಾಗದಗಳಲ್ಲಿ ಒಂದರ ವಿಚಾರ, ಅಂದರೆ ವಿಮೆಯ ಪಾಲಿಸಿಯ ವಿಚಾರ, ಸದಸ್ಯ ಬಾಂಧವರ ಮುಂದಿಡಬೇಕೆಂದಿದ್ದೇವೆ.

ಇದಕ್ಕೆ ಕಾರಣವಾದದ್ದು ನಮ್ಮ ಕಚೇರಿಯಲ್ಲೇ ನಡೆದ ಒಂದು ಪ್ರಸಂಗ. ಮೂರು ಎಕರೆ ತೋಟದ ಸದಸ್ಯರೊಬ್ಬರು, ಕಾಫಿಯ ನಡುವೆ ಅಡಿಕೆ ಇರುವವರು, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಪಾಲಿಸಿ ತಂದು ಮೇಜಿನ ಮೇಲಿಟ್ಟರು. ಮಗ ಗಾಡಿ ಕಲಿತು ಲೈಸೆನ್ಸ್ ಪಡೆದು ಒಂದು ವರ್ಷವಾಗಿತ್ತು. ಗಾಡಿಗೂ ಅಷ್ಟೇ ವಯಸ್ಸು, ಒಂದು ತಿಂಗಳು ಹೆಚ್ಚು. ಮಳೆ ಹನಿಯುತ್ತಿದ್ದ ಸಂಜೆ ತಿರುವಿನಲ್ಲಿ ಜಾರಿ ಮೋರಿಯ ಕಟ್ಟೆಗೆ ಬಡಿದಿದ್ದ. ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು, ಬೈಕಿನ ಮುಂಭಾಗ ಪೂರ್ತಿ ಹೋಗಿತ್ತು. 36 ಕಂತುಗಳಲ್ಲಿ ಕಟ್ಟಿದ್ದು 13.

"ಐದು ವರ್ಷದ್ದು ಒಟ್ಟಿಗೇ ಕಟ್ಟಿದೀನಲ್ಲ ಮಾರಾಯ್ರೇ, ಈಗ ಏನೂ ಬರೋದಿಲ್ಲ ಅಂತಾರೆ, ಇದೆಂಥ ನ್ಯಾಯ?" ಎಂದು ಕೇಳಿದರು.

ನಮ್ಮ ಕಾರ್ಯದರ್ಶಿಗಳು ಕನ್ನಡಕ ಏರಿಸಿ ಓದಿದರು. ಐದು ವರ್ಷ ಎಂದು ಅಚ್ಚಾಗಿದ್ದುದು ನಿಜ. ಅದರ ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ, ಇನ್ನೊಂದು ದಿನಾಂಕವಿತ್ತು. ಆ ದಿನಾಂಕ ಕಳೆದು ನಾಲ್ಕು ವಾರವಾಗಿತ್ತು.

ಆ ಎರಡು ದಿನಾಂಕಗಳ ಕಥೆ ಇಷ್ಟು. ದಾರಿಯಲ್ಲಿ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಸಾವು ನೋವು ನಷ್ಟಕ್ಕೆ ವಿಮೆ ಇರಲೇಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮು ವಿಧಿಸುತ್ತದೆ. ಇದೇ ಮೂರನೇ ವ್ಯಕ್ತಿಯ ವಿಮೆ. ಹಲವರು ಮೊದಲ ವರ್ಷ ಕಟ್ಟಿ ಆಮೇಲೆ ಬಿಟ್ಟುಬಿಡುತ್ತಿದ್ದುದರಿಂದ ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಈ ವಿಮೆಯನ್ನು ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿಸಿಕೊಳ್ಳುವ ಪದ್ಧತಿ ಬಂತು. ಒಳ್ಳೆಯ ಪದ್ಧತಿಯೇ. ಆದರೆ ನಮ್ಮ ಗಾಡಿಗೇ ಆಗುವ ಹಾನಿ, ಕಳವು, ಬೆಂಕಿ, ನೆರೆ, ಅದರ ಮೇಲೆ ಬೀಳುವ ಮರ, ಇವುಗಳ ವಿಮೆ ಬೇರೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಜೋಡಿ ಪಾಲಿಸಿಯಲ್ಲಿ ಅದು ಒಂದೇ ವರ್ಷದ್ದು. ಎರಡನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ, ಒಂದೇ ಮೊತ್ತ ಕೂಡಿಸಿ, "ಐದು ವರ್ಷ ನಿಮಗೆ ಚಿಂತೆ ಇಲ್ಲ ಗೌಡ್ರೇ" ಎಂದು ಕೈಗಿಡುತ್ತಾರೆ. ಸಾಲ ಮೂರು ವರ್ಷದ್ದು, ಗಾಡಿಯ ಮೇಲಿನ ರಕ್ಷಣೆ ಒಂದು ವರ್ಷದ್ದು. ಉಳಿದ ಎರಡು ವರ್ಷ ಗಾಡಿ ಕಳವಾದರೆ ಕಂತು ಮಾತ್ರ ಉಳಿಯುತ್ತದೆ.

ಎರಡನೆಯ ವರ್ಷದಿಂದ ಗಾಡಿಯ ಹಾನಿಗೆಂದೇ ಪ್ರತ್ಯೇಕ ಪಾಲಿಸಿ ಮಾಡಿಸಬಹುದು. 2019ರ ಸೆಪ್ಟೆಂಬರಿನಿಂದ ಇದಕ್ಕೆ ಅವಕಾಶವಿದೆ, ಮೂರನೇ ವ್ಯಕ್ತಿಯ ವಿಮೆ ಇರುವ ಕಂಪನಿಯಲ್ಲೇ ಮಾಡಿಸಬೇಕೆಂದೂ ಇಲ್ಲ. ಇದನ್ನು ಆ ಸದಸ್ಯರಿಗೆ ಯಾರೂ ಹೇಳಿರಲಿಲ್ಲ. ಸಾಲ ಕೊಟ್ಟ ಸಂಸ್ಥೆಯಿಂದ ಕಂತಿನ ನೆನಪು ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ದಿನಾಂಕ ನೋಡಿಕೊಳ್ಳಿ ಎಂದು ನಾಲ್ಕು ಸಾಲು ಪ್ರಕಟಣೆ ಹಾಕಿ ಸುಮ್ಮನಾಗುತ್ತಿದ್ದೆವು. ಆದರೆ ಅದೇ ಹಾಳೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಾಲು. ಮಾಲೀಕ-ಚಾಲಕರ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ, ರೂ. 15 ಲಕ್ಷ. ಹೆಸರು ತಂದೆಯದು.

ನಮ್ಮ ಕಡೆ ಇದು ಮನೆಮನೆಯ ಸಂಗತಿ. ಪಹಣಿ ಇರುವುದು ತಂದೆಯ ಹೆಸರಿನಲ್ಲಿ, ಸಾಲ ಕೊಡುವವರು ಕೇಳುವುದು ಪಹಣಿ, ಆದ್ದರಿಂದ ಸಾಲವೂ ಗಾಡಿಯೂ ತಂದೆಯ ಹೆಸರಿಗೇ ಆಗುತ್ತದೆ. ಗಾಡಿ ಓಡಿಸುವವನು ಮಗ. ತಂದೆಗೆ ಸೈಕಲ್ ಹೊಡೆದು ಗೊತ್ತೇ ಹೊರತು ಗೇರಿನ ಗಾಡಿಯ ಲೈಸೆನ್ಸೂ ಇಲ್ಲ. ಈ 15 ಲಕ್ಷದ ರಕ್ಷಣೆ ಇರುವುದು ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರಿಗೆ, ಅದೂ ಅವರಿಗೆ ಲೈಸೆನ್ಸ್ ಇದ್ದು ಅವರೇ ಸವಾರಿಯಲ್ಲಿದ್ದಾಗ. ಹಾಗಾದರೆ ಈ ಮನೆಯಲ್ಲಿ ಆ ಹಣ ಕಟ್ಟಿದ್ದು ಯಾರಿಗಾಗಿ? ಯಾರಿಗೂ ಅಲ್ಲ. ಬೀಳಬಹುದಾದವನಿಗೆ ರಕ್ಷಣೆ ಇಲ್ಲ, ರಕ್ಷಣೆ ಇರುವವರು ಗಾಡಿ ಹತ್ತುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಅರ್ಧ ಹೇಳಿದಂತಾಗುತ್ತದೆ. ಈ ರಕ್ಷಣೆ ಮಗನ ಹೆಸರಿನಲ್ಲೇ ಇದ್ದಿದ್ದರೂ ಮುರಿದ ಕಾಲಿನ ಆಸ್ಪತ್ರೆ ಖರ್ಚಿಗೆ ಒಂದು ಪೈಸೆ ಬರುತ್ತಿರಲಿಲ್ಲ. ಅದು ಸಾವಿಗೆ, ಕೈಕಾಲು ಅಥವಾ ಕಣ್ಣು ಪೂರ್ತಿ ಹೋದುದಕ್ಕೆ, ದುಡಿಯಲಾರದಂಥ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಹುಡುಗ ಈಗ ಕೋಲು ಹಿಡಿದು ಕಣದವರೆಗೆ ನಡೆಯುತ್ತಾನೆ. ಆದರೆ ಆ ಸಂಜೆ ತಲೆ ಕಟ್ಟೆಗೆ ತಾಗಿದ್ದರೆ ಆ ಮನೆಗೆ ಏನೂ ಸಿಗುತ್ತಿರಲಿಲ್ಲ ಎಂಬುದನ್ನು ತಂದೆಗೆ ಹೇಗೆ ಹೇಳುವುದೆಂದು ತಿಳಿಯದೆ ನಮ್ಮ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಪಾಲಿಸಿಯನ್ನು ತಿರುವಿ ಹಾಕುತ್ತಲೇ ಇದ್ದರು.

ತಂದೆಯ ಗಾಡಿ ಮಗ ಓಡಿಸಿದರೆ ಅವನೂ 'ಮೂರನೇ ವ್ಯಕ್ತಿ' ಅಲ್ಲವೇ, ಐದು ವರ್ಷದ ವಿಮೆಯಿಂದ ಅವನಿಗೇ ಪರಿಹಾರ ಬರಬೇಕಲ್ಲವೇ ಎಂದು ನಮ್ಮ ನಿರ್ದೇಶಕರೊಬ್ಬರು ವಾದಿಸಿದರು. ವಾದ ಚೆನ್ನಾಗಿದೆ, ನ್ಯಾಯಾಲಯ ಒಪ್ಪಿಲ್ಲ. ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಒಬ್ಬರು ಬೇರೆಯವರ ಮೋಟಾರು ಸೈಕಲ್ಲು ಪಡೆದು ಇಳಕಲ್ಲಿನಿಂದ ತಮ್ಮೂರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಿತು, ಅದಕ್ಕೆ ಬಡಿದು ತೀರಿಕೊಂಡರು. ಕುಟುಂಬದವರು ಪರಿಹಾರ ಕೇಳಿದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ, ಗಾಡಿ ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡಿಸುವ 163-ಎ ಕಲಮಿನಡಿ ಅವನ ಕಡೆಯವರು ಆ ಗಾಡಿಯ ವಿಮೆಯಿಂದ ಪರಿಹಾರ ಕೇಳಲಾಗದು ಎಂದಿತು. 2020ರಲ್ಲಿ ಇನ್ನೊಂದು ಮೊಕದ್ದಮೆಯಲ್ಲೂ ಅದೇ ನಿಲುವು. ಮನೆಯ ಮಗನಾದರೂ ಕಾನೂನಿನ ಕಣ್ಣಿಗೆ ಅವನು ಗಾಡಿ ಎರವಲು ಪಡೆದವನೇ.

ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಗಾಡಿ ಯಾರು ಓಡಿಸುತ್ತಾರೋ ಅವರ ಹೆಸರಿನಲ್ಲೇ ಇರಲಿ. ಸಾಲಕ್ಕೆ ತಂದೆ ಜಾಮೀನು ನಿಲ್ಲಲಿ. ಸಾಲ ಕೊಡುವವರು ಇದಕ್ಕೆ ಒಪ್ಪುವುದಿಲ್ಲ ಎಂದರೆ ಇನ್ನೊಂದು ಕಡೆ ಕೇಳಲಿ. ಅದೂ ಆಗದಿದ್ದರೆ ಮಗನ ಹೆಸರಿನಲ್ಲಿ ಬೇರೆಯೇ ಒಂದು ಅಪಘಾತ ವಿಮೆ ಮಾಡಿಸಲಿ. ಬ್ಯಾಂಕಿನ ಉಳಿತಾಯ ಖಾತೆಯಿಂದ ವರ್ಷಕ್ಕೆ ರೂ. 20 ಮುರಿದುಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಇದೆ, 18ರಿಂದ 70 ವರ್ಷದವರು ಸೇರಬಹುದು. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ. ಒಂದು ಲೋಟ ಕಾಫಿಯ ಹಣ. 15 ಲಕ್ಷಕ್ಕೆ ಅದು ಸಮವಲ್ಲ, ಆದರೆ ಏನೂ ಇಲ್ಲದಿರುವುದಕ್ಕಿಂತ ಮೇಲು.

ಸಾಲದ ಗಾಡಿಯ ಪಾಲಿಸಿಯಲ್ಲಿ ಇನ್ನೊಬ್ಬರ ಹೆಸರೂ ಇರುತ್ತದೆ, ಸಾಲ ಕೊಟ್ಟ ಸಂಸ್ಥೆಯದು. ಹೈಪಾಥಿಕೇಶನ್ ಎಂದು ನೋಂದಣಿ ಪುಸ್ತಕದಲ್ಲೂ ಪಾಲಿಸಿಯಲ್ಲೂ ಬರೆದಿರುವುದು ಇದನ್ನೇ. ಗಾಡಿ ಕಳವಾದರೆ ಅಥವಾ ರಿಪೇರಿಗೆ ಬಾರದಂತೆ ಜಖಂ ಆದರೆ ವಿಮೆಯ ಹಣ ಮೊದಲು ಹೋಗುವುದು ಅವರಿಗೆ, ಸಾಲ ತೀರಿ ಉಳಿದದ್ದು ನಮಗೆ. ಉಳಿಯುತ್ತದೆಯೇ ಎಂಬುದೇ ಪ್ರಶ್ನೆ. ಅಂಗಡಿ ಬೆಲೆ ಒಂದು ಲಕ್ಷದ ಗಾಡಿ ಎಂದಿಟ್ಟುಕೊಳ್ಳೋಣ. ವಿಮೆಯಲ್ಲಿ ಅದರ ಘೋಷಿತ ಮೌಲ್ಯ ಮೊದಲ ದಿನವೇ ಶೇ. 5 ಕಡಿಮೆ, ಅಂದರೆ 95,000. ಒಂದು ವರ್ಷ ಮೀರಿದ ಗಾಡಿಗೆ 80,000, ಎರಡು ಮೀರಿದ್ದಕ್ಕೆ 70,000. ಸಾಲವನ್ನಾದರೋ ನಾವು ರಸ್ತೆ ತೆರಿಗೆ, ನೋಂದಣಿ, ವಿಮೆ, ಕೆಲವೊಮ್ಮೆ ಹೆಲ್ಮೆಟ್ಟನ್ನೂ ಸೇರಿಸಿ ಒಂದು ಲಕ್ಷಕ್ಕಿಂತ ಮೇಲೆ ಪಡೆದಿರುತ್ತೇವೆ. ಕೈಯಿಂದ ಹಾಕುವ ಹಣ ಕಡಿಮೆಯಾದಷ್ಟೂ ಸಾಲದ ಬಾಕಿ ವಿಮೆಯ ಮೌಲ್ಯಕ್ಕಿಂತ ಮೇಲೇ ನಿಲ್ಲುತ್ತದೆ. ಈ ಅಂತರ ತುಂಬಲು ಬಿಲ್ಲಿನ ಬೆಲೆಯಷ್ಟೇ ಕೊಡುವ ಹೆಚ್ಚುವರಿ ರಕ್ಷಣೆ ಸಿಗುತ್ತದೆ. ಮೊದಲ ಎರಡು ವರ್ಷ ಅದನ್ನು ತೆಗೆದುಕೊಳ್ಳುವುದು ಮೇಲೆಂದು ನಮಗೆ ತೋರುತ್ತದೆ. ಹಾಗೆಯೇ ರಿಪೇರಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟಯರು, ಬ್ಯಾಟರಿಗಳಿಗೆ ವಿಮೆ ಕೊಡುವುದು ಅರ್ಧ ಬೆಲೆ ಮಾತ್ರ. ಹೊಸ ಸವಾರ ಬಿದ್ದಾಗ ಮೊದಲು ಪುಡಿಯಾಗುವುದು ಈ ಸಾಮಾನುಗಳೇ ಆದ್ದರಿಂದ ಸವಕಳಿ ಕಡಿತವಿಲ್ಲದ ರಕ್ಷಣೆಯನ್ನೂ ಮೊದಲ ವರ್ಷವಾದರೂ ಸೇರಿಸಿಕೊಳ್ಳಬಹುದು. ಪ್ರೀಮಿಯಂ ಇನ್ನೂರು ರೂಪಾಯಿ ಇಳಿಸಲೆಂದು ಗಾಡಿಯ ಮೌಲ್ಯವನ್ನೇ ಕಡಿಮೆ ಬರೆಸುವ ಜಾಣತನ ಮಾತ್ರ ಬೇಡ.

ಹೊಸ ಸವಾರನೆಂದರೆ ಪ್ರೀಮಿಯಂ ಹೆಚ್ಚಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೊರದೇಶಗಳಲ್ಲಿ ಹಾಗುಂಟು. ನಮ್ಮಲ್ಲಿ ಮೂರನೇ ವ್ಯಕ್ತಿಯ ವಿಮೆಯ ದರ ಎಂಜಿನ್ನಿನ ಗಾತ್ರವನ್ನು ನೋಡುತ್ತದೆ, ಸವಾರನನ್ನಲ್ಲ. 2022ರ ಜೂನ್ 1ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ ಹೊಸ ಗಾಡಿಯ ಐದು ವರ್ಷದ ಮೊತ್ತ, ತೆರಿಗೆ ಬಿಟ್ಟು, 75 ಮೀರಿ 150 ಸಿ.ಸಿ.ವರೆಗೆ ರೂ. 3,851, 150 ಮೀರಿ 350ರವರೆಗೆ ರೂ. 7,365. ಬುಲೆಟ್ಟೇ ಬೇಕೆನ್ನುವ ಮಗನಿಗೆ ಈ ಲೆಕ್ಕವನ್ನೂ ತೋರಿಸಬಹುದು, ಕೇಳುತ್ತಾನೆಂಬ ಭರವಸೆ ನಮಗಿಲ್ಲ. ಹೇಳಬೇಕಾದದ್ದು ಇದು: ವಿಮೆ ಮಾರುವಾಗ ಓಡಿಸುವವನು ಯಾರು, ಲೈಸೆನ್ಸ್ ಇದೆಯೇ, ಹೇರುವುದೇನು ಎಂದು ಯಾರೂ ಕೇಳುವುದಿಲ್ಲ. ಅವೆಲ್ಲವನ್ನೂ ಕೇಳುವುದು ಅಪಘಾತವಾದ ಮೇಲೆ.

ಲೈಸೆನ್ಸಿನ ಪ್ರಶ್ನೆ ನಮ್ಮ ತೋಟದ ಬೇಲಿಯವರೆಗೆ ಬರುವಂಥದು. ಲೈಸೆನ್ಸ್ ಇಲ್ಲದ ಹುಡುಗ ದಾರಿಹೋಕರೊಬ್ಬರಿಗೆ ಗುದ್ದಿದನೆಂದರೆ, 2004ರ ಸುಪ್ರೀಂ ಕೋರ್ಟಿನ ತೀರ್ಪಿನ ದಾರಿಯಲ್ಲಿ, ನೊಂದವರಿಗೆ ವಿಮಾ ಕಂಪನಿ ಮೊದಲು ಕೊಟ್ಟು ಆಮೇಲೆ ಗಾಡಿಯ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು. ಸಾವಿನ ಪ್ರಕರಣದಲ್ಲಿ ನ್ಯಾಯಮಂಡಳಿ ವಿಧಿಸುವ ಪರಿಹಾರಕ್ಕೆ ಇಷ್ಟೇ ಎಂಬ ಮಿತಿ ಇಲ್ಲ. ಅಂಥ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಲು ಅದೇ ಕಾಯಿದೆಯ 174ನೇ ಕಲಮಿನಲ್ಲಿ ಅವಕಾಶವಿದೆ. ಭೂಕಂದಾಯದ ಬಾಕಿ ಎಂದರೇನೆಂದು ಬೆಳೆಗಾರರಿಗೆ ನಾವು ವಿವರಿಸಬೇಕಾಗಿಲ್ಲ. ಹದಿನಾರು ಹದಿನೇಳರ ಮಗನಿಗೆ ಗೇರಿನ ಗಾಡಿ ಕೊಟ್ಟು "ಡೇರಿಗೆ ಹಾಲು ಹಾಕಿ ಬಾ" ಎಂದು ಕಳಿಸುವವರಿಗೆ 2019ರ ತಿದ್ದುಪಡಿ ಇನ್ನೊಂದು ದಂಡ ಇಟ್ಟಿದೆ: ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, ರೂ. 25,000 ಜುಲ್ಮಾನೆ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸಿಲ್ಲ.

ಕಲಿಕಾ ಲೈಸೆನ್ಸ್ ಇದ್ದರೆ ವಿಮೆ ನಡೆಯುತ್ತದೆ, ಕೆಲವು ಕಟ್ಟುಗಳೊಂದಿಗೆ. ಮುಂದೆ ಹಿಂದೆ ಬಿಳಿಯ ಮೇಲೆ ಕೆಂಪು 'ಎಲ್' ಇರಬೇಕು, ಜೊತೆಗೆ ಲೈಸೆನ್ಸ್ ಇದ್ದು ಕಲಿಸುವವರು ಇರಬೇಕು, ಅವರ ಹೊರತು ಯಾರನ್ನೂ ಹಿಂದೆ ಕೂರಿಸಬಾರದು. ಆರು ತಿಂಗಳ ಅವಧಿ ಅದಕ್ಕೆ. ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ನಮ್ಮ ಹುಡುಗರು ಐದು ತಿಂಗಳು ಮರೆತು ಆರನೆಯದರಲ್ಲಿ ಆರ್.ಟಿ.ಓ. ಕಚೇರಿಗೆ ಓಡುತ್ತಾರೆ. ಗಾಡಿ ಮನೆಗೆ ಬರುವುದಕ್ಕೆ ಮೊದಲೇ ಪಕ್ಕಾ ಲೈಸೆನ್ಸ್ ಮನೆಗೆ ಬರಲಿ ಎಂಬುದು ನಮ್ಮ ಹಠ.

ಹಿಂದೆ ಕೂರುವವರ ವಿಚಾರ ಇನ್ನೂ ಸೂಕ್ಷ್ಮ. ಬರೀ ಮೂರನೇ ವ್ಯಕ್ತಿಯ ಪಾಲಿಸಿಯಲ್ಲಿ ಹಿಂಬದಿ ಸವಾರನ ಹೊಣೆ ಕಂಪನಿಗಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು, ಸಮಗ್ರ ಪಾಲಿಸಿಯಾದರೆ ಹೊಣೆ ಉಂಟೆಂದು 2012ರಲ್ಲಿ ಹೇಳಿತು. ಎರಡನೆಯ ವರ್ಷ ಗಾಡಿ ಹಾನಿಯ ವಿಮೆ ಬಿಟ್ಟವರು ಬಿಟ್ಟದ್ದು ಬರೀ ಗಾಡಿಯ ರಕ್ಷಣೆ ಅಲ್ಲದಿರಬಹುದು ಎಂಬುದು ಇದರಿಂದ ತಿಳಿಯುತ್ತದೆ. ಹಿಂದೆ ಕೂರುವವರು ತಾಯಿಯೋ, ತಂಗಿಯೋ, ಕೊನೆ ತೆಗೆಯಲು ಬಂದ ಕೆಲಸದವರೋ ಆಗಿರುತ್ತಾರೆ. ಪಾಲಿಸಿ ಮಾಡಿಸುವಾಗಲೇ ಹಿಂಬದಿ ಸವಾರನಿಗೆ ಏನಿದೆ ಎಂದು ಕೇಳಿ ಬರೆಯಿಸಿಕೊಳ್ಳಬೇಕು. ಇನ್ನು ಗೊಬ್ಬರದ ಮೂಟೆ, ಸುಲಿದ ಅಡಿಕೆಯ ಚೀಲ, ಗ್ಯಾಸ್ ಸಿಲಿಂಡರ್ ಹೇರುವುದು. ಸಾಮಾನ್ಯ ಪಾಲಿಸಿಯಲ್ಲಿ ಸರಕು ಸಾಗಣೆಗೆ ಬಳಸಬಾರದೆಂದು ಷರತ್ತಿದೆ, ಸ್ವಂತ ಕೈಚೀಲದಂಥ ಸಾಮಾನಿಗೆ ಮಾತ್ರ ವಿನಾಯಿತಿ. ನಾವೂ ಹೇರುತ್ತೇವೆ, ನೀವೂ ಹೇರುತ್ತೀರಿ. ಆದರೆ ಹಾಗೆ ಬಿದ್ದ ಗಾಡಿಯ ರಿಪೇರಿ ಹಣ ಕೇಳುವಾಗ ತಕರಾರು ಬಂದರೆ ಅಚ್ಚರಿಪಡಬಾರದು.

ವಿಮೆಯನ್ನು ಗಾಡಿ ಅಂಗಡಿಯಲ್ಲೇ ಕೊಳ್ಳಬೇಕೆಂಬ ಕಟ್ಟೂ ಇಲ್ಲ. "ಇಲ್ಲಿ ಮಾಡಿಸದಿದ್ದರೆ ಸಾಲ ಆಗುವುದಿಲ್ಲ" ಎಂದರೆ ಆ ಮಾತನ್ನು ಬರೆದು ಕೊಡಿ ಎಂದು ವಿನಯದಿಂದ ಕೇಳಿನೋಡಿ. ಸಾಲ ಕೊಟ್ಟವರ ಹೆಸರು ಪಾಲಿಸಿಯಲ್ಲಿ ನಮೂದಾಗಿದ್ದರಾಯಿತು. ನಾಮಿನಿಯ ಹೆಸರನ್ನು ಅಲ್ಲೇ ನಿಂತು ಬರೆಸಿ, ಅಂಗಡಿಯ ಹುಡುಗ ತನಗೆ ತೋಚಿದ ಹೆಸರು ತುಂಬುವ ಮೊದಲು. ಎರಡೂ ಕೀಲಿಗಳನ್ನು ಜೋಪಾನವಾಗಿಡಿ, ಕಳವಾದಾಗ ಎರಡನ್ನೂ ಕೇಳುತ್ತಾರೆ. ಸಾಲ ತೀರಿದ ದಿನ ನಿರಾಕ್ಷೇಪಣಾ ಪತ್ರ ಪಡೆದು, ನಮೂನೆ 35ರಲ್ಲಿ ಅರ್ಜಿ ಹಾಕಿ ನೋಂದಣಿಯಿಂದ ಅವರ ಹೆಸರು ತೆಗೆಸಿ, ಪಾಲಿಸಿಯಲ್ಲೂ ತೆಗೆಸಿ.

ಈಗ ನಮ್ಮ ಸಂಘದ ಮಾತು. ಬೈಕು ಕೊಳ್ಳುವ ದಿನವೇ ಪ್ರತಿವರ್ಷ ವಿಮೆ ಕಟ್ಟುವ ದಿನ ಆಗುತ್ತದೆ. ಆಯುಧಪೂಜೆಯ ಹೊತ್ತಿಗೆ ನಮ್ಮ ಕೈಯಲ್ಲಿ ಏನಿರುತ್ತದೆ? ಬೋರ್ಡೋ ಸಿಂಪಡಣೆಯ ಕೂಲಿ ಕೊಟ್ಟು ಮುಗಿದಿರುತ್ತದೆ, ಕೊಯ್ಲು ಮುಂದಿರುತ್ತದೆ. ಆ ಸದಸ್ಯರೂ "ಅಡಿಕೆ ಮಾರಿದ ಮೇಲೆ ನೋಡಿದರಾಯಿತು ಅಂದುಕೊಂಡೆ" ಎಂದರು. ಕಾಫಿ, ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸಿರುವ ಯುಗಾದಿಯ ಆಸುಪಾಸಿನಲ್ಲಿ ಗಾಡಿ ಕೊಂಡರೆ ನವೀಕರಣವೂ ಆಗಲೇ ಬರುತ್ತದೆ. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಯೂ ಹೋಗುತ್ತದೆ, ಮೊದಲ ವರ್ಷಕ್ಕೇ ಅದು ಶೇ. 20.

ಎರಡನೆಯದಾಗಿ, ಸದಸ್ಯರ ಮನೆಯ ಬೈಕುಗಳ ವಿಮೆ ಮುಗಿಯುವ ದಿನಾಂಕಗಳನ್ನು ಸಂಘವೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಹದಿನೈದು ದಿನ ಮೊದಲು ಫೋನು ಮಾಡಿ ತಿಳಿಸಬೇಕೆಂದು ನಾವು ಸೂಚಿಸಿದ್ದೇವೆ. ಗೊಬ್ಬರ, ಔಷಧಿ ಕೊಟ್ಟು ಫಸಲು ಮಾರಿಕೊಡುವುದು ಸಂಘದ ಕೆಲಸ, ಊರ ಹುಡುಗರ ಬೈಕು ನೋಡಿಕೊಳ್ಳುವುದಲ್ಲ ಎಂದು ಇಬ್ಬರು ನಿರ್ದೇಶಕರು ವಿರೋಧಿಸಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆವು, ಗುಮಾಸ್ತರು ಇರುವುದು ಒಬ್ಬರೇ. ಆದರೆ ಆ ಸದಸ್ಯರು ಆಸ್ಪತ್ರೆಯ ಬಿಲ್ಲು ಕಟ್ಟಲು ಈ ವರ್ಷದ ಅಡಿಕೆಯನ್ನು ಮರದಲ್ಲಿರುವಾಗಲೇ ಚೇಣಿಗೆ ಕೊಟ್ಟುಬಿಟ್ಟಿದ್ದಾರೆ. ಸಂಘಕ್ಕೆ ಬರಬೇಕಾದ ಫಸಲು ಬಾರದೆ ಹೋದ ಮೇಲೆ ಅದು ಸಂಘದ ಕೆಲಸವಲ್ಲ ಎನ್ನುವುದು ಹೇಗೆ?

ವಿಷಯ ಮುಂದಿನ ಸಾಮಾನ್ಯ ಸಭೆಗೆ ಬರಲಿದೆ. ಬರುವಾಗ ಪಾಲಿಸಿ ಜೊತೆಗೆ ತನ್ನಿ. ಕಾರ್ಯದರ್ಶಿಗಳು ಅರ್ಧ ಗಂಟೆ ಮೊದಲೇ ಬಂದು ಕುಳಿತಿರುತ್ತಾರೆ, ಕನ್ನಡಕವೂ ಇರುತ್ತದೆ.